ಡಾಕ್ಟ್ರು ಫಿಟ್ಸಿಗೆ ಎರಡನೇ ಗುಳಗಿ ಬರಕೊಟ್ರ ಮನ್ಯಾಗ ಏನೇನ್ ನೋಡ್ಕೋಬೇಕು?

ನಮ್ಮ ಅಕ್ಕನ ಮಗ ಫಿಟ್ಸಿಗೆ ಗಾರ್ಡಿನಾಲ್ ಗುಳಗಿ (ಒಳಗಿನ ಔಷಧ ಫಿನೋಬಾರ್ಬಿಟೋನ್) ಭಾಳ ವರ್ಷದಿಂದ ತಗೋತಿದ್ದ, ಆದ್ರೂ ಫಿಟ್ಸ್ ನಿಲ್ಲಲಿಲ್ಲ ಅಂತ ವಿಜಯಪುರದಾಗ ಡಾಕ್ಟ್ರು ವ್ಯಾಲ್ಪ್ರೊಯೇಟ್ ಸೇರಿಸಿದ್ರು, ಎರಡ್ ವಾರದಾಗ ಹುಡುಗ ಊಟಕ್ಕ ಕುಂತಲ್ಲೇ ತೂಕಡಿಸಾಕ ಹತ್ತಿದ. ಹೊಸ ಗುಳಗಿ ಆಗಿಬರವಲ್ದು ಅಂತ ನಾವೆಲ್ಲ ತಿಳ್ಕೊಂಡ್ವಿ. ಖರೇ ನೋಡಿದ್ರ ಏರಿದ್ದು ಹಳೇದು, ಡೋಸ್ ಮೊದಲಿನಷ್ಟ ಇದ್ರೂ ಗಾರ್ಡಿನಾಲ್ ರಕ್ತದಾಗ ಕೂಡ್ಕೋತ ಹೋಗಿತ್ತು. ಡಾಕ್ಟ್ರು ಅದನ್ನ ಇಳಿಸಿದ ಮ್ಯಾಲೆ ಸರಿ ಆದ.

ಇದರಾಗ ಬಹುತೇಕ ಕೆಲಸ ಲಿವರ್‌ದು, ಈ ಗುಳಗಿನ ನುರಿಸಿ ಖಾಲಿ ಮಾಡೋದು ಅದ. ಲಿವರ್ ಅಂದ್ರ ಮುಧೋಳ ಕಡೆ ಸಕ್ಕರಿ ಫ್ಯಾಕ್ಟರಿ ಅನ್ಕೋರಿ. ಕಾರ್ಬಮಜೆಪಿನ್, ಫೆನಿಟಾಯಿನ್, ಗಾರ್ಡಿನಾಲ್ ಈ ಫಿಟ್ಸ್ ಗುಳಗಿ ಬಂದ್ರ ಫ್ಯಾಕ್ಟರಿಗೆ ಜಾಸ್ತಿ ಆಳು ಹಚ್ಚಿದಂಗ, ಜೋಡಿ ಇರೋ ಗುಳಗಿನೂ ಲಗೂನ ನುರಿಸಿ ಹಾಕ್ತಾವ. ವ್ಯಾಲ್ಪ್ರೊಯೇಟ್ ಗೇಟಿನಾಗ ಅಡ್ಡ ನಿಂತ ಟ್ರ್ಯಾಕ್ಟರ್ ಇದ್ದಂಗ, ಹಿಂದ ಕಬ್ಬಿನ ಗಾಡಿ ಸಾಲು ಬೆಳಕೋತ ಹೋಗ್ತೈತಿ. ಲ್ಯಾಮೋಟ್ರಿಜಿನ್ ಅನ್ನೋ ಇನ್ನೊಂದು ಫಿಟ್ಸ್ ಗುಳಗಿ ಒಂದ ಇದ್ದಾಗ ಮೈಯಾಗ ಅರ್ಧಕ್ಕ ಇಳಿಯಾಕ ಸುಮಾರು 25ರಿಂದ 30 ತಾಸು ಹಿಡಿತೈತಿ, ಕಾರ್ಬಮಜೆಪಿನ್ ಜೋಡಿ 14 ತಾಸಿನ ಸುತ್ತಮುತ್ತ, ವ್ಯಾಲ್ಪ್ರೊಯೇಟ್ ಜೋಡಿ 60 ತಾಸಿನ ಸಮೀಪ. ಅದಕ್ಕ ವ್ಯಾಲ್ಪ್ರೊಯೇಟ್ ತಗೊಳೋ ದೊಡ್ಡವರಿಗೆ ಲ್ಯಾಮೋಟ್ರಿಜಿನ್ 25 ಮಿಲಿಗ್ರಾಂ ದಿನ ಬಿಟ್ಟು ದಿನ ಶುರು ಮಾಡೋದು. ನಿಧಾನ ಆತು ಅಂತ ನೀವ ಏರಿಸಬ್ಯಾಡ್ರಿ. ಮೈಮ್ಯಾಲೆ ದದ್ದು, ಬಾಯಾಗ ಹುಣ್ಣು ಎದ್ರ ಅವತ್ತ ದವಾಖಾನಿಗೆ ಹೋಗ್ರಿ, ಅದು ಜೀವಕ್ಕ ಬರಬಹುದು.

ಈಗ ಮನ್ಯಾಗ ಮಾಡೋದು. ಮೊದಲ ಎಲ್ಲಾ ಗುಳಗಿ ಪಟ್ಟಿ (ಸ್ಟ್ರಿಪ್) ಹರವಿ ಒಳಗಿನ ಔಷಧದ ಹೆಸರು ಬರಕೋರಿ, ಬ್ರ್ಯಾಂಡ್ ಹೆಸರಲ್ಲ. ಎಪ್ಟಾಯಿನ್ ಅಂದ್ರೂ ಫೆನಿಟಾಯಿನ್ ಅಂದ್ರೂ ಒಂದ, ಇದು ಗೊತ್ತಿಲ್ದ ಎರಡೂ ನುಂಗೋದು ಆಗಬಾರ್ದು.

ಎರಡನೇದು, ಹೊಸ ಗುಳಗಿ ಶುರುವಾದ ತಾರೀಖು ಕ್ಯಾಲೆಂಡರ್‌ನಾಗ ಗುರ್ತು ಮಾಡ್ರಿ, ಮುಂದ ಒಂದ್ ತಿಂಗಳು ಫಿಟ್ಸ್, ನಿದ್ದಿ, ನಡಿಗಿ ಓಲಾಡೋದು, ಕಣ್ಣಿಗೆ ಎರಡೆರಡು ಕಾಣೋದು ಏನಿದ್ರೂ ಬರೀರಿ, ಯಾಕಂದ್ರ ಲಿವರ್ ಬದಲಾಗಾಕ ವಾರಗಟ್ಲೆ ಹಿಡಿತೈತಿ.

ಗುಳಗಿ ಲೆವೆಲ್ ನೋಡಾಕ ರಕ್ತ ತಪಾಸಣಿ ಹೇಳಿದ್ರ ಸಾಮಾನ್ಯವಾಗಿ ಮುಂಜಾನಿ ಗುಳಗಿಗಿಂತ ಮೊದಲ ಕೊಡೋದು, ಹಿಂದಿನ ಗುಳಗಿ ಎಷ್ಟಕ್ಕ ತಗೊಂಡ್ರಿ ಅಂತನೂ ಹೇಳ್ರಿ. ಫೆನಿಟಾಯಿನ್ ಜೋಡಿ ವ್ಯಾಲ್ಪ್ರೊಯೇಟ್ ಇದ್ರ ರಿಪೋರ್ಟಿನಾಗ ಫೆನಿಟಾಯಿನ್ ಲೆವೆಲ್ 10ರಿಂದ 20ರ ಒಳಗ ನಾರ್ಮಲ್ ಅಂತ ಬಂದ್ರೂ ತಲಿ ತಿರುಗಬಹುದು, ವ್ಯಾಲ್ಪ್ರೊಯೇಟ್ ಅದನ್ನ ಪ್ರೋಟೀನಿನಿಂದ ಬಿಡಿಸಿ ರಕ್ತದಾಗ ಸಡಿಲ ಬಿಡ್ತೈತಿ, ಹಿಂಗಾಗಿ ಫ್ರೀ ಲೆವೆಲ್ (ಹಂಗ ಸಡಿಲ ಇರೋ ಔಷಧದ ಅಳತಿ) ನೋಡಬೇಕೇನ್ರಿ ಅಂತ ಡಾಕ್ಟ್ರನ್ನ ಕೇಳ್ರಿ.

ಬ್ಯಾರೆ ಔಷಧನೂ ಮುಚ್ಚಿಡಬ್ಯಾಡ್ರಿ: ಟಿಬಿ ಗುಳಗಿ, ಗರ್ಭ ಆಗದಂಗ ತಗೊಳೋ ಗುಳಗಿ, ಅಡ್ಮಿಟ್ ಆದಾಗ ಕೊಡೋ ಮೆರೊಪೆನೆಮ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್. ಈ ಇಂಜೆಕ್ಷನ್ ಒಂದೆರಡು ದಿನದಾಗ ವ್ಯಾಲ್ಪ್ರೊಯೇಟ್ ಲೆವೆಲ್ ಪೂರಾ ಕೆಳಗ ಇಳಿಸಿಬಿಡ್ತೈತಿ.

ಒಂದು ಗುಳಗಿ ಬಿಡಿಸಿದಾಗನೂ ಇದ ಆಟ ಉಲ್ಟಾ ನಡಿತೈತಿ, ಕಾರ್ಬಮಜೆಪಿನ್ ಹೋದ್ರ ಲ್ಯಾಮೋಟ್ರಿಜಿನ್ ತಂತಾನ ಏರ್ತೈತಿ, ಅದಕ್ಕ ಕ್ಯಾಲೆಂಡರ್‌ನಾಗ ಆ ತಾರೀಖಿಗೂ ಗುರ್ತು ಹಾಕ್ರಿ.