ಲಾರಿ ಮಾಲೀಕರು ಬುಕಿಂಗ್ ಆಫೀಸು ತೆರೆಯುವುದು ಹೇಗೆ?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಆಸುಪಾಸಿನಲ್ಲಿ ಒಂದೆರಡು ಲಾರಿ ಇಟ್ಟುಕೊಂಡು ಬಾಡಿಗೆ ಹೊಡೆಯುವವರಿಗೆ ಇಂಥ ಫೋನು ಹೊಸದೇನಲ್ಲ: ದಲಾಲ ಅಂಗಡಿಯವರು ಸಂಜೆಯೊಳಗೆ ಮೂರು ಗಾಡಿ ಬೇಕೆನ್ನುತ್ತಾರೆ, ತಮ್ಮಲ್ಲಿರುವುದು ಎರಡೇ. ಮೂರನೆಯದನ್ನು ಪರಿಚಯದವರಿಂದ ತರಿಸಿಕೊಟ್ಟು, ಒಂದು ಚಹಾಕ್ಕೆ ಆ ಲೆಕ್ಕ ಮುಗಿಸುವವರೇ ಹೆಚ್ಚು. ಆ ಮೂರನೆಯ ಗಾಡಿಯನ್ನು ಕ್ರಮಬದ್ಧವಾಗಿ ಒದಗಿಸುವುದೇ ಬುಕಿಂಗ್ ಆಫೀಸಿನ ವ್ಯವಹಾರ. ಹೊಸ ಲಾರಿಯ ಸಾಲ, ಟಾಯರು, ಡ್ರೈವರ್ ಪಗಾರ ಇವು ಯಾವುದರ ಹೊರೆಯೂ ಇದರಲ್ಲಿ ಇಲ್ಲವೆಂಬುದು ನಿಜವಾದರೂ, ಬಂಡವಾಳವೇ ಬೇಡವೆಂದು ತಿಳಿದು ಇಳಿದವರು ಮೊದಲ ಸುಗ್ಗಿಯಲ್ಲಿಯೇ ಕೈಸುಟ್ಟುಕೊಳ್ಳುತ್ತಾರೆ.

ಮೊದಲು ನಿರ್ಧರಿಸಬೇಕಾದದ್ದು ಬಿಲ್ಟಿ, ಅಂದರೆ ಮಾಲು ಒಪ್ಪಿಕೊಂಡದ್ದಕ್ಕೆ ಬರೆದುಕೊಡುವ ಸಾಗಣೆ ರಸೀದಿ, ಯಾರ ಹೆಸರಿನಲ್ಲಿ ಹೋಗಬೇಕು ಎಂಬುದನ್ನು. ಮಾಲಿನವರಿಗೂ ಗಾಡಿಯವರಿಗೂ ಗಂಟು ಹಾಕಿ, ಕಮಿಷನ್ ಪಡೆದು ಬದಿಗೆ ಸರಿಯುವುದು ಒಂದು ಬಗೆ. ಅಲ್ಲಿ ಬಿಲ್ಟಿ ಬೇರೊಂದು ಟ್ರಾನ್ಸ್‌ಪೋರ್ಟಿನದು. ನಿಮ್ಮ ಹೆಸರಿನ ಬಿಲ್ಟಿ ಬರೆದು, ವ್ಯಾಪಾರಿಯಿಂದ ಪೂರ್ತಿ ಬಾಡಿಗೆ ನೀವೇ ವಸೂಲು ಮಾಡಿ, ಗಾಡಿಯವರಿಗೆ ಅವರ ಪಾಲು ಕೊಟ್ಟು, ನಡುವಿನ ಅಂತರವನ್ನು ಉಳಿಸಿಕೊಳ್ಳುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಲಾಭ ಹೆಚ್ಚು. ಆದರೆ ಬಿಲ್ಟಿಗೆ ಸಹಿ ಬಿದ್ದ ಗಳಿಗೆಯಿಂದ ಆ ಮಾಲಿಗೆ ವ್ಯಾಪಾರಿಯ ಎದುರು ಜವಾಬ್ದಾರರು ನೀವು, ಗಾಡಿ ಯಾರದೇ ಇರಲಿ. ಆರಂಭದ ಆರು ತಿಂಗಳು ಕಮಿಷನ್ ಮೇಲೆ ನಡೆಸಿ, ಗಾಡಿಯವರ ಗುಣ ತಿಳಿದ ಮೇಲೆಯೇ ಬಿಲ್ಟಿ ಪುಸ್ತಕ ಅಚ್ಚು ಹಾಕಿಸುವುದು ಒಳ್ಳೆಯದೆಂಬುದು ಈ ಲೇಖಕನ ಅಭಿಪ್ರಾಯ.

ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನೋಂದಣಿ ತಪ್ಪುವುದಿಲ್ಲ. 1865ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದು 2011ರ ಮಾರ್ಚ್ 1ರಿಂದ ಜಾರಿಯಲ್ಲಿರುವ ರಸ್ತೆ ಸಾಗಣೆ ಕಾಯ್ದೆ, 2007, ಸಾರ್ವಜನಿಕ ಸಾಗಣೆದಾರ ಎಂಬ ಪದದಲ್ಲಿ ಬುಕಿಂಗ್ ಕಂಪನಿ, ಏಜೆಂಟ್ ಮತ್ತು ಬ್ರೋಕರ್ ಮೂವರನ್ನೂ ಸೇರಿಸಿದೆ. ಅರ್ಜಿಯನ್ನು ಸಾರಿಗೆ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ನೋಂದಣಿ ಹತ್ತು ವರ್ಷ ನಡೆಯುತ್ತದೆ. ಮೋಟಾರು ವಾಹನ ಕಾಯ್ದೆಯ 93ನೇ ಕಲಮಿನಲ್ಲಿ ಹೇಳಿರುವ ಏಜೆಂಟ್ ಲೈಸೆನ್ಸಿನ ಬಗ್ಗೆಯೂ ಅದೇ ಭೇಟಿಯಲ್ಲಿ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಮಹಾನಗರ ಪಾಲಿಕೆಯ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ, ಅಂಗಡಿ ಕಾಯ್ದೆಯ ನೋಂದಣಿ, ವ್ಯವಹಾರದ ಹೆಸರಿನ ಚಾಲ್ತಿ ಖಾತೆ ಇವು ಉಳಿದ ಕಾಗದಗಳು. ಇವುಗಳ ಜೊತೆಗೆ ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವುದು) ಮರೆಯದೆ ಮಾಡಿಸಬೇಕು, ಏಕೆಂದರೆ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಬಾಕಿ ತೀರಿಸಬೇಕೆಂಬ 2006ರ ಎಂಎಸ್‌ಎಂಇ ಕಾಯ್ದೆಯ ನಿಯಮವನ್ನು ಕಾರ್ಖಾನೆಯವರಿಗೆ ನೆನಪಿಸಲು ಈ ಪ್ರಮಾಣಪತ್ರ ಕೈಯಲ್ಲಿರಬೇಕಾಗುತ್ತದೆ.

ತೆರಿಗೆಯ ಲೆಕ್ಕವನ್ನು ಸಿಎ ಬಳಿ ಕುಳಿತು ತಿಳಿಯುವುದೇ ಸರಿ. ಇಲ್ಲಿ ಮುಖ್ಯ ಗೆರೆಗಳನ್ನಷ್ಟೇ ಹೇಳಬಹುದು. ಬಿಲ್ಟಿ ಕೊಡುವವರನ್ನು ಜಿಎಸ್‌ಟಿ ಸರಕು ಸಾಗಣೆ ಏಜೆನ್ಸಿ ಎಂದು ಗುರುತಿಸುತ್ತದೆ, ಬಿಲ್ಟಿ ಕೊಡದೆ ಗಾಡಿ ಓಡಿಸುವ ಮಾಲೀಕರನ್ನು ಹಾಗೆ ಗುರುತಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಏಜೆನ್ಸಿಗಳಿಗೆ ಇರುವ ದರ ಎರಡು: ಹೂಡುವಳಿ ತೆರಿಗೆ ವಾಪಸಾತಿ (ತಾವು ಕೊಂಡದ್ದರ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಇಲ್ಲದೆ ಶೇ 5, ವಾಪಸಾತಿಯೊಂದಿಗೆ ಶೇ 18. ಮೊದಲನೆಯದನ್ನು ಸಾಮಾನ್ಯವಾಗಿ ಮಾಲು ಕಳಿಸುವ ಕಂಪನಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತದೆ. ಕೃಷಿ ಉತ್ಪನ್ನ, ಹಾಲು, ಆಹಾರ ಧಾನ್ಯಗಳ ಸಾಗಣೆಗೆ ತೆರಿಗೆ ಇಲ್ಲ. ಹತ್ತು ಗಾಡಿಗಳವರೆಗೆ ಇರುವವರಿಗೆ ಆದಾಯ ತೆರಿಗೆಯಲ್ಲಿ ದೊರೆಯುವ ಅಂದಾಜು ಆದಾಯದ ಸೌಲಭ್ಯ (ಪೂರ್ತಿ ಲೆಕ್ಕಪುಸ್ತಕ ಇಡದೆ ಗಾಡಿಗೆ ಇಷ್ಟೆಂದು ಆದಾಯ ತೋರಿಸುವುದು) ಸ್ವಂತ ಲಾರಿಗಳಿಗೆ ಮಾತ್ರ ಅನ್ವಯಿಸುವುದರಿಂದ, ಬುಕಿಂಗ್ ಕಮಿಷನ್ನಿಗೆ ಮೊದಲ ದಿನದಿಂದಲೇ ಬೇರೆ ಪುಸ್ತಕ ಇಡಬೇಕು. ಗಾಡಿಯವರಿಗೆ ಒಂದು ದಿನದಲ್ಲಿ ₹35,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೂ ನೆನಪಿನಲ್ಲಿರಲಿ.

ದಾರಿ ಒಂದೇ ಇರಲಿ

ಹುಬ್ಬಳ್ಳಿಯಿಂದ ನಾಲ್ಕೂ ದಿಕ್ಕಿಗೆ ಹೆದ್ದಾರಿ ಇರುವುದರಿಂದ ಎಲ್ಲ ಊರಿಗೂ ಗಾಡಿ ಕೊಡುತ್ತೇವೆಂದು ಬೋರ್ಡು ಬರೆಸುವ ಆಸೆ ಸಹಜ. ಪುಣೆ, ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48, ಸೋಲಾಪುರ ಮತ್ತು ಅಂಕೋಲೆಗೆ 52, ಗದಗ, ಕೊಪ್ಪಳ, ಬಳ್ಳಾರಿಗೆ 67. ಆದರೆ ಹೊಸಬರು ತಮ್ಮ ಸ್ವಂತ ಗಾಡಿ ವರ್ಷಗಟ್ಟಲೆ ಓಡಿದ ಒಂದೇ ದಾರಿಯನ್ನು ಹಿಡಿಯಬೇಕು, ಏಕೆಂದರೆ ಅಲ್ಲಿಯ ಟೋಲು, ಡೀಸೆಲ್, ಇಳಿಸುವ ಜಾಗದಲ್ಲಿ ಕಾಯುವ ದಿನಗಳು, ಹಮಾಲಿ ಇವೆಲ್ಲ ಅವರಿಗೆ ಬಾಯಿಪಾಠ ಇರುತ್ತವೆ. ದರ ಹೇಳುವಾಗ ಎಡವುವುದಿಲ್ಲ.

ದಾರಿ ಆರಿಸುವಾಗ ಹೋಗುವ ಮಾಲಿಗಿಂತ ಬರುವ ಮಾಲನ್ನು ಹೆಚ್ಚು ನೋಡಬೇಕು. ಬ್ಯಾಡಗಿಯ ಮೆಣಸಿನಕಾಯಿ ಕೇರಳದ ಮಸಾಲೆ ಕಾರ್ಖಾನೆಗಳಿಗೆ ಹೋಗುವ ಕಾಲದಲ್ಲಿ ಇಲ್ಲಿಂದ ಲೋಡು ಸಿಗುವುದು ಕಷ್ಟವಲ್ಲ, ಅಲ್ಲಿಂದ ಖಾಲಿ ಬರುವ ಭಯಕ್ಕೆ ಗಾಡಿಯವರು ಬಾಡಿಗೆ ಏರಿಸುತ್ತಾರೆ. ಮಾಲು ಇಳಿಸುವ ಊರಿನಲ್ಲಿ ವಾಪಸು ಲೋಡು ಕೊಡಿಸುವ ಒಬ್ಬ ನಂಬಿಕಸ್ಥ ಬುಕಿಂಗ್‌ನವರನ್ನು ಹಿಡಿದಿಟ್ಟುಕೊಂಡವರು ಅದೇ ಗಾಡಿಯನ್ನು ಕಡಿಮೆ ಬಾಡಿಗೆಗೆ ಒಪ್ಪಿಸಬಲ್ಲರು. ಮೆಣಸಿನಕಾಯಿ ಹಗುರ ಮಾಲು. ತೂಕ ತುಂಬುವ ಮೊದಲೇ ಗಾಡಿಯ ಜಾಗ ತುಂಬುತ್ತದೆ, ಆದ್ದರಿಂದ ಟನ್ ಲೆಕ್ಕದಲ್ಲಿ ದರ ಒಪ್ಪಿಕೊಂಡರೆ ನಷ್ಟ ಖಚಿತ. ಗೋವಿನಜೋಳದ ಕತೆ ಇದಕ್ಕೆ ತಿರುಗಾಮುರುಗ: ಅಲ್ಲಿ ಹೆಚ್ಚು ತುಂಬಿಸಿ ಎಂಬ ಒತ್ತಾಯ ಬರುತ್ತದೆ. ಮಿತಿ ಮೀರಿದ ಭಾರಕ್ಕೆ ದಂಡ ₹20,000, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000. ವೇಬ್ರಿಡ್ಜಿನ ತೂಕದ ಚೀಟಿ ಇಲ್ಲದೆ ಬಿಲ್ಟಿ ಬರೆಯಲೇಬಾರದು.

1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಆರಂಭಿಸಿ ವಿಆರ್‌ಎಲ್ ಸಾರಿಗೆ ಸಂಸ್ಥೆ ಕಟ್ಟಿದ ವಿಜಯ ಸಂಕೇಶ್ವರರ ಉದಾಹರಣೆಯನ್ನು ಈ ಭಾಗದಲ್ಲಿ ಎಲ್ಲರೂ ಕೊಡುತ್ತಾರೆ. ಆದರೆ ಅದು ಸ್ವಂತ ಗಾಡಿಗಳ ಮೇಲೆ ಬೆಳೆದ ಪಾರ್ಸೆಲ್ ವ್ಯವಹಾರ. ಬೇರೆಯವರ ಗಾಡಿ ಬುಕ್ ಮಾಡುವವರ ಲೆಕ್ಕಾಚಾರವೇ ಬೇರೆ.

ಹಣ ನಿಲ್ಲುವ ಜಾಗ

ಆ ಲೆಕ್ಕಾಚಾರವನ್ನು ಅಂಕಿಯಲ್ಲಿ ನೋಡೋಣ. ವ್ಯಾಪಾರಿ ಒಂದು ಲೋಡಿಗೆ ₹40,000 ಕೊಡುತ್ತಾರೆ, ಗಾಡಿಯವರಿಗೆ ₹37,000 ಹೋಗುತ್ತದೆ ಎಂದುಕೊಳ್ಳಿ. ಗಾಡಿಯವರು ದೊಡ್ಡ ಪಾಲನ್ನು ಲೋಡಾದ ಕೂಡಲೆ ಮುಂಗಡವಾಗಿ, ಉಳಿದದ್ದನ್ನು ಇಳಿಸಿದ ತಕ್ಷಣ ಕೇಳುತ್ತಾರೆ. ವ್ಯಾಪಾರಿಯ ಹಣ ಬರುವುದು ಐದು ವಾರದ ಮೇಲೆ. ವಾರಕ್ಕೆ ಮೂರೇ ಲೋಡು ಕಳಿಸಿದರೂ ಮೊದಲ ರೂಪಾಯಿ ಕೈಗೆ ಬರುವಷ್ಟರಲ್ಲಿ ಹದಿನೈದು ಲೋಡು ಹೋಗಿರುತ್ತವೆ: ನಿಮ್ಮ ಕಿಸೆಯಿಂದ ಹೋದದ್ದು ₹5,55,000, ಬರಬೇಕಾದ ಉಳಿತಾಯ ₹45,000. ಒಬ್ಬ ವ್ಯಾಪಾರಿ ಎರಡು ಲೋಡಿನ ಬಾಡಿಗೆ ಮುಳುಗಿಸಿದರೆ ಆ ಉಳಿತಾಯ ಪೂರ್ತಿ ಹೋಗಿ, ಅಸಲಿನಲ್ಲಿಯೂ ಕೊರೆ ಬೀಳುತ್ತದೆ. ಆದ್ದರಿಂದ ಪ್ರತಿ ವ್ಯಾಪಾರಿಗೂ ಉದ್ರಿಯ ಮಿತಿಯೊಂದನ್ನು ಬರೆದಿಟ್ಟು, ಅದು ದಾಟಿದ ದಿನ, ಎಷ್ಟೇ ಹಳೆಯ ಗುರುತಿರಲಿ, ಗಾಡಿ ಇಲ್ಲವೆನ್ನುವ ಧೈರ್ಯ ಬೇಕು. ಗಾಡಿಯವರ ಬಾಕಿಯನ್ನು ಮಾತ್ರ ಒಂದು ದಿನವೂ ತಡಮಾಡಬಾರದು; ಸುಗ್ಗಿಯಲ್ಲಿ ಗಾಡಿ ಸಿಗದೆ ಎಲ್ಲರೂ ಪರದಾಡುವಾಗ ಡ್ರೈವರುಗಳು ತಾವಾಗಿ ಫೋನು ಮಾಡುವುದು ಹಣ ಬೇಗ ಕೊಡುವ ಆಫೀಸಿಗೆ.

ಗಾಡಿಯನ್ನು ಲೋಡಿಗೆ ಹಚ್ಚುವ ಮೊದಲು ಆರ್‌ಸಿ, ಪರ್ಮಿಟ್, ಎಫ್‌ಸಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ), ವಿಮೆ, ಡ್ರೈವರ್ ಲೈಸೆನ್ಸ್ ಇವನ್ನು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ತಾಳೆ ನೋಡಬೇಕು. ಸುಳ್ಳು ನಂಬರು ಹಚ್ಚಿಕೊಂಡು ಬಂದು ಮಾಲಿನ ಸಮೇತ ಮಾಯವಾಗುವ ಗಾಡಿಗಳಿಂದ ಪಾರಾಗಲು ಚೇಸಿಸ್ ನಂಬರನ್ನು ಗಾಡಿಯ ಮೇಲೆಯೇ ಓದಿ ನೋಡುವುದು, ಮುಂಗಡವನ್ನು ಆರ್‌ಸಿಯಲ್ಲಿರುವ ಮಾಲೀಕರ ಖಾತೆಗೇ ಹಾಕುವುದು, ಡ್ರೈವರ್ ಗಾಡಿಯ ಮುಂದೆ ನಿಂತ ಫೋಟೊ ತೆಗೆಯುವುದು ಉಪಯೋಗಕ್ಕೆ ಬರುತ್ತವೆ. ಮಾಲಿನ ಬೆಲೆ ₹50,000 ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ) ಬೇಕು. ಅದರ ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ದಾರಿಯಲ್ಲಿ ಗಾಡಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಹೊಸ ನಂಬರನ್ನು ಅದರಲ್ಲಿ ತಿದ್ದಿಸಿಯೇ ಮುಂದೆ ಬಿಡಬೇಕು.

ಬಿಲ್ಟಿ ಬರೆಯುವಾಗ ಚೀಲಗಳ ಸಂಖ್ಯೆ, ತೂಕ, ಮಾಲಿನ ಬೆಲೆ, ಕಾಯುವಿಕೆಯ ದಿನಕ್ಕೆ ಎಷ್ಟು, ಹಮಾಲಿ ಯಾರದು ಎಂಬುದನ್ನು ಖಾಲಿ ಬಿಡಬಾರದು. ಹೆಚ್ಚಿನ ಜವಾಬ್ದಾರಿಗೆ ಬೇರೆ ದರ ಒಪ್ಪಿಕೊಂಡಿರದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅಂದರೆ ಮೇಲಿನ ಲೋಡಿಗೆ ₹4 ಲಕ್ಷ. ಲಾರಿಯ ವಿಮೆ ಈ ಮಾಲಿಗೆ ಅನ್ವಯಿಸುವುದಿಲ್ಲ ಎಂಬುದು ಹಲವು ಮಾಲೀಕರಿಗೆ ಅಪಘಾತವಾದ ಮೇಲೆಯೇ ತಿಳಿಯುವುದು; ವ್ಯಾಪಾರಿ ಸಾಗಣೆ ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಿ ಪಾಲಿಸಿ ಸಂಖ್ಯೆಯನ್ನು ಬಿಲ್ಟಿಯ ಮೇಲೆ ಬರೆಯಬೇಕು, ನಿಮ್ಮ ಹೊಣೆಗಾರಿಕೆಗೆ ಪ್ರತ್ಯೇಕ ಪಾಲಿಸಿ ಕೊಳ್ಳಬೇಕು.

ಮಾಲು ಇಳಿದ ಮೇಲೆ ಸಹಿ, ಮೊಹರು ಬಿದ್ದ ಬಿಲ್ಟಿಯ ಪ್ರತಿ ಆಫೀಸಿಗೆ ಬಂದು ಸೇರುವ ತನಕ ಬಾಡಿಗೆ ಬಿಲ್ಲು ಮುಂದೆ ಸರಿಯುವುದಿಲ್ಲ. ಡ್ರೈವರ್ ಅಲ್ಲಿಂದಲೇ ಅದರ ಫೋಟೊ ಕಳಿಸುವಂತೆ ಮಾಡಿ, ಮೂಲ ಪ್ರತಿ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡುವ ಪದ್ಧತಿ ಇಟ್ಟುಕೊಳ್ಳಬಹುದು. ಚೀಲ ಕಡಿಮೆ, ಮಾಲು ತೊಯ್ದಿದೆ ಎಂದು ಆ ಪ್ರತಿಯ ಮೇಲೆ ಬರೆದಿದ್ದರೆ ಅದೇ ದಿನ ವ್ಯಾಪಾರಿಗೂ ಗಾಡಿ ಮಾಲೀಕರಿಗೂ ಲಿಖಿತವಾಗಿ ತಿಳಿಸಬೇಕು. ನಷ್ಟಕ್ಕಾಗಿ ದಾವೆ ಹೂಡುವವರು ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಲೇಬೇಕೆಂದು ರಸ್ತೆ ಸಾಗಣೆ ಕಾಯ್ದೆ ಹೇಳುವುದರಿಂದ, ಬಿಲ್ಟಿ, ತೂಕದ ಚೀಟಿ, ಫೋಟೊಗಳನ್ನು ಕನಿಷ್ಠ ಆ ಅವಧಿ ಮುಗಿಯುವವರೆಗೆ, ನೋಟಿಸು ಬಂದಿದ್ದರೆ ವ್ಯಾಜ್ಯ ತೀರುವವರೆಗೆ, ಲೋಡಿಗೊಂದು ಲಕೋಟೆಯಂತೆ ತೆಗೆದಿಡಬೇಕು.