ಮೆತ್ತನೆ ಪ್ಲಾಸ್ಟಿಕ್‌ನಲ್ಲಿ ಪೋರಸ್‌ನ ಸೇನೆ: ನನ್ನ ಅನುಭವ

1/72 ಅಳತೆಯ (ನಿಜದ ಗಾತ್ರದ 72ರಲ್ಲಿ ಒಂದು ಪಾಲು) ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಳ ಮೇಲೆ ಬಣ್ಣ ನಿಲ್ಲಲ್ಲ ಅಂತ ನನಗೆ ಹೇಳದವರೇ ಇಲ್ಲ. ಈಟಿ ಸ್ವಲ್ಪ ಬಾಗಿದರೆ ಸಾಕು, ಬಣ್ಣ ಎದ್ದು ಬರುತ್ತದೆ, ಮೇಜಿನ ಮೇಲೆ ಯುದ್ಧದಾಟ ಆಡುವ ಆಸೆ ಇದ್ದರೆ ಲೋಹದ್ದೇ ತಗೊಳ್ಳಿ ಅಂದರು. ಈಗ ನನ್ನ ಹತ್ತಿರ ಇನ್ನೂರರ ಆಸುಪಾಸು ಕಾಲಾಳು, ಹತ್ತಕ್ಕೂ ಜಾಸ್ತಿ ಆನೆ, ನಾಲ್ಕೈದು ರಥ ಇವೆ. ಎಲ್ಲವೂ ಪ್ಲಾಸ್ಟಿಕ್. ಆಟಕ್ಕೆ ಇಳಿಸಿ ತುಂಬಾ ಕಾಲವಾಯಿತು, ಈಟಿಯ ತುದಿಯಲ್ಲೂ ಬಣ್ಣ ಹಾಗೇ ಇದೆ.

ಲೋಹ ಬಿಟ್ಟದ್ದು ದುಡ್ಡಿಗೋಸ್ಕರ. ಪೋರಸ್, ಅಂದರೆ ಪುರು ರಾಜ, ಅಂದ ಮೇಲೆ ಆನೆ ಬೇಕೇ ಬೇಕು. ಕ್ರಿ.ಪೂ. 326ರಲ್ಲಿ ಝೀಲಂ ನದಿಯ ಹತ್ತಿರ ಅವನು ಅಲೆಕ್ಸಾಂಡರ್‌ನ ಎದುರು 200 ಆನೆ ನಿಲ್ಲಿಸಿದ್ದ, ಆನೆಗೂ ಆನೆಗೂ ನಡುವೆ ಕಡಿಮೆ ಅಂದರೂ ನೂರಡಿ ಜಾಗ ಬಿಟ್ಟಿದ್ದ ಅಂತ ಗ್ರೀಕ್ ಇತಿಹಾಸಕಾರ ಏರಿಯನ್ ಬರೆಯುತ್ತಾನೆ. ಅಂಥವನ ಸೇನೆಯನ್ನು ಎರಡು ಆನೆ ಇಟ್ಟು ತೋರಿಸಿದರೆ ನಗುತ್ತಾರೆ ಅಲ್ವಾ? ಲೋಹದ ಒಂದು ಆನೆಯ ಬೆಲೆಗೆ ಪ್ಲಾಸ್ಟಿಕ್ ಕಾಲಾಳುಗಳ ಎರಡು ಪೆಟ್ಟಿಗೆ ಬರುತ್ತವೆ. ನನ್ನ ಅಂದಾಜಿನಲ್ಲಿ ಇಡೀ ಸೇನೆಗೆ ಆದ ಖರ್ಚು ಲೋಹದ್ದರ ಮೂರರಲ್ಲಿ ಒಂದು ಪಾಲೂ ಇಲ್ಲ. ದಂಡವಾದ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ) ಡಬ್ಬಿಗಳೂ ಈ ಲೆಕ್ಕದಲ್ಲೇ ಬಂದವು.

ದಂಡವಾದದ್ದು ಕಡಿಮೆಯೇನಲ್ಲ. ಲೋಹಕ್ಕೆ ಹೊಡೆಯುವ ಮಾಮೂಲಿ ಸ್ಪ್ರೇ ಪ್ರೈಮರ್ ಒಣಗಿದ ಮೇಲೂ ಅಂಟಂಟಾಗಿಯೇ ಉಳಿಯಿತು. ಇನ್ನೊಂದು ಕಂಪನಿಯದು ಚೆನ್ನಾಗಿ ಕೂತಿತು, ಆದರೆ ಬಿಲ್ಲು ಹಿಡಿದು ಎತ್ತಿದ ಕೂಡಲೇ ಹಾಳೆ ಹಾಳೆಯಾಗಿ ಎದ್ದಿತು. ವಿನೆಗರ್‌ನಲ್ಲಿ ನೆನೆಸಿ ನೋಡಿದೆ. ಸೋಪಿಗಿಂತ ವಿಶೇಷ ಏನೂ ಮಾಡಲಿಲ್ಲ, ಕೋಣೆ ತುಂಬ ವಾಸನೆ ಮಾತ್ರ. ಕಾರಿನ ಬಂಪರ್‌ಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಅದರ ಬೆಲೆಗೆ ಇನ್ನೊಂದು ಪೆಟ್ಟಿಗೆ ಗೊಂಬೆಯೇ ಬರುತ್ತದೆ. ಆನೆಗಳಿಗೆ ಮಾತ್ರ ಹೊಡೆದು ಡಬ್ಬಿ ಮುಚ್ಚಿಟ್ಟೆ.

ಕೊನೆಗೆ ಕೈ ಹಿಡಿದದ್ದು ಪಿವಿಎ ಅಂಟು, ಮರಕ್ಕೆ ಹಚ್ಚುವ ಬಿಳಿ ಅಂಟು. ಗೊಂಬೆಗಳು ಸ್ಪ್ರೂನಲ್ಲಿ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಇರುವಾಗಲೇ ಬಿಸಿ ಸೋಪು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತೇನೆ. ಆಮೇಲೆ ಕೈ ತಾಗಿಸಬಾರದು, ಬೆರಳಿನ ಜಿಡ್ಡು ಸಾಕು ಕೆಡಿಸಲು. ನಂತರ ನೀರು ಬೆರೆಸಿದ ಪಿವಿಎ ಒಂದು ಕೋಟ್. ನೀರು ಎಷ್ಟು ಅಂತ ಕೇಳಬೇಡಿ, ಇನ್ನೇನು ಬೆರೆಸುತ್ತೇನೆ ಅಂತಲೂ ಕೇಳಬೇಡಿ! ಒಣಗಿದ ಮೇಲೆ ಅದು ರಬ್ಬರಿನಂತೆ ಬಗ್ಗುತ್ತದೆ, ಮೇಲಿನ ಅಕ್ರಿಲಿಕ್ಕೂ ಅದರ ಜೊತೆಗೇ ಬಗ್ಗುತ್ತದೆ. ಬಣ್ಣ ಎಲ್ಲಾ ಮುಗಿದ ಮೇಲೆ ಇನ್ನೊಂದು ತೆಳು ಕೋಟ್, ಅದರ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್.

ಸೂಪರ್‌ಗ್ಲೂ ಈ ಪ್ಲಾಸ್ಟಿಕ್‌ಗೆ ನೆಚ್ಚಿಕೊಳ್ಳುವಂಥದ್ದಲ್ಲ. ಮಾವುತನನ್ನು ಕೂರಿಸಲು ಗುಂಡುಸೂಜಿಯ ತುಂಡು ಕಾಯಿಸಿ ಆನೆಯ ಕುತ್ತಿಗೆಗೆ ಇಳಿಸಿ, ಅದರ ಮೇಲೆ ಅವನನ್ನು ಚುಚ್ಚಿದೆ.

ಬಣ್ಣದ ವಿಷಯಕ್ಕೆ ಬಂದರೆ ಬಿಲ್ಲುಗಾರರೇ ನನ್ನ ಹೆಮ್ಮೆ. ಅಲೆಕ್ಸಾಂಡರ್‌ನ ನೌಕಾಪತಿ ನಿಯಾರ್ಕಸ್ ಕಂಡದ್ದನ್ನು ಏರಿಯನ್ ಬರೆದಿಟ್ಟಿದ್ದಾನೆ: ಹತ್ತಿಬಟ್ಟೆ, ಆಳೆತ್ತರದ ಬಿಲ್ಲು, ಅದನ್ನು ನೆಲಕ್ಕೂರಿ ಎಡಗಾಲಿನಲ್ಲಿ ಒತ್ತಿ ಬಾಣ ಬಿಡುವುದು, ಹಸಿ ತೊಗಲಿನ ಉದ್ದ ಗುರಾಣಿ, ಜೊತೆಗೆ ಬಣ್ಣ ಹಾಕಿದ ಗಡ್ಡ. ಬಿಳಿ, ನೀಲಿ, ಕೆಂಪು, ನೇರಳೆ, ಹಸಿರು! ಹಸಿರು ಗಡ್ಡ ನೋಡಿ ಆಟದ ಗೆಳೆಯರು ತಮಾಷೆ ಮಾಡಿದರು. ಏರಿಯನ್‌ನ ಪುಟ ತೋರಿಸಿದ ಮೇಲೆ ಸುಮ್ಮನಾದರು. ಬಟ್ಟೆಗೆ ನೇರ ಬಿಳಿ ಹಚ್ಚಬೇಡಿ. ಮೊದಲು ತಿಳಿ ಬೂದು, ಅದರ ಮೇಲೆ ಕಂದು ವಾಶ್ (ನೀರಾಗಿಸಿದ ಬಣ್ಣ), ಮಡಿಕೆಗಳ ಏಣಿನಲ್ಲಿ ಮಾತ್ರ ಬಿಳಿ. ಪೆಟ್ಟಿಗೆಯ ಬಿಲ್ಲುಗಳು ಮೋಟು. ಆಳೆತ್ತರ ಅಂದರೆ ಈ ಅಳತೆಯಲ್ಲಿ 24 ಮಿ.ಮೀ. ಬೇಕು. ಒಂದು ಸಾಲಿಗೆ ಕತ್ತರಿಸಿ ಬ್ರಷ್ ಕೂದಲಿನ ಬಿಲ್ಲು ಹಾಕಿದೆ, ಕಣ್ಣು ನೋವು ಬಂತು, ಉಳಿದವರನ್ನು ಹಾಗೇ ಬಿಟ್ಟೆ.

ರಥದಲ್ಲಿ ಆರು ಜನ ಇದ್ದರು ಅಂತ ರೋಮನ್ ಇತಿಹಾಸಕಾರ ಕರ್ಟಿಯಸ್ ಹೇಳುತ್ತಾನೆ: ಇಬ್ಬರು ಗುರಾಣಿ ಹಿಡಿದವರು, ಇಬ್ಬರು ಬಿಲ್ಲುಗಾರರು, ಇಬ್ಬರು ಸಾರಥಿಗಳು. ಆರೂ ಜನ ಹಿಡಿಸಬೇಕಾದರೆ ಗುರಾಣಿಯವರ ಒಂದೊಂದು ತೋಳು ಕೊಯ್ಯಬೇಕಾಯಿತು. ಗುರಾಣಿ ಅಂಟಿಸಿದ ಮೇಲೆ ಗೊತ್ತೇ ಆಗಲ್ಲ.

ಝೀಲಂ ಯುದ್ಧದ ದಿನ ಮಳೆ ಬಂದು ನೆಲ ಕೆಸರಾಗಿತ್ತು, ರಥಗಳು ಹೂತು ನಿಂತವು. ಹಾಗಾಗಿ ಗೊಂಬೆ ನಿಲ್ಲಿಸುವ ಎಲ್ಲಾ ಬೇಸ್‌ಗಳನ್ನೂ ಕೆಸರು ಮಾಡಿದ್ದೇನೆ. 60 ಮಿ.ಮೀ. ಅಗಲದ ಬೇಸ್, ಅದರ ಮೇಲೆ ಪಿವಿಎ ಮತ್ತು ಸಣ್ಣ ಮರಳು, ಗಾಢ ಕಂದು, ಲೈಟಾಗಿ ಡ್ರೈಬ್ರಷ್ (ಬಹುತೇಕ ಒಣಗಿದ ಬ್ರಷ್‌ನಿಂದ ಸವರುವುದು). ಚಕ್ರದ ಜಾಡಿನಲ್ಲಿ ಮಾತ್ರ ಹೊಳಪಿನ ವಾರ್ನಿಶ್ ಬಿಟ್ಟರೆ ನೀರು ನಿಂತ ಹಾಗೆ ಹೊಳೆಯುತ್ತದೆ. ಜಾಡನ್ನು ಅಂಟು ಹಸಿ ಇರುವಾಗಲೇ ಎಳೆಯಿರಿ, ಒಣಗಿದ ಮೇಲೆ ಕೊರೆದರೆ ಮರಳೆಲ್ಲಾ ಉದುರುತ್ತದೆ.

ಈಗ ಎದುರು ಪಕ್ಷದ ಮೆಸಿಡೋನಿಯನ್ನರು ಮೇಜಿನ ಮೇಲಿದ್ದಾರೆ. ಐದೂವರೆ ಮೀಟರಿನ ಸರಿಸಾ ಈಟಿ ಅಂದರೆ ಇಲ್ಲಿ 75 ಮಿ.ಮೀ.ಗೂ ಸ್ವಲ್ಪ ಹೆಚ್ಚು. ಪ್ಲಾಸ್ಟಿಕ್‌ದು ಬಿಸಿನೀರಿಗೆ ಹಾಕಿ ನೇರ ಮಾಡಿದರೂ ವಾರದಲ್ಲಿ ಮತ್ತೆ ಸೊಟ್ಟ. ಸ್ಟೀಲ್ ತಂತಿ ಹಾಕುತ್ತಿದ್ದೇನೆ, ತುದಿ ಮಾತ್ರ ಅರದಿಂದ ಮೊಂಡು ಮಾಡಿ. ಇಲ್ಲದಿದ್ದರೆ ಪಡೆ ಎತ್ತುವಾಗಲೆಲ್ಲ ಬೆರಳಲ್ಲಿ ರಕ್ತ.