ಮೊದಲ ರೇಸಿಗೇ ಬ್ರೇಕ್ ಲಿವರ್ ಮೆತ್ತಗಾದಾಗ

ಸೀಸನ್ನಿನ ಮೊದಲ ವಾರಾಂತ್ಯ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್. ಶನಿವಾರ ಪ್ರಾಕ್ಟೀಸಿನಲ್ಲಿ ನಾಲ್ಕು ಲ್ಯಾಪ್ ಆಗುವಷ್ಟರಲ್ಲಿ ಬೈಕಿನ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೇ ತಾಗಿತು. ಎದೆ ಧಸಕ್ ಅಂತು. ತಣ್ಣಗಾದ ಮೇಲೆ ಮತ್ತೆ ಸರಿ! ಪ್ಯಾಡ್ ಚೆನ್ನಾಗೇ ಇತ್ತು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಆಯಿಲ್ ಡಿಕಾಕ್ಷನ್ ಬಣ್ಣ.

ಎರಡು ವರ್ಷದಿಂದ ಬದಲಿಸಿರಲಿಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಸೇರಿದರೆ ಆ ಮಟ್ಟ ತುಂಬಾ ಇಳಿಯುತ್ತದೆ. ಕುದ್ದಾಗ ಗುಳ್ಳೆ ಏಳುತ್ತೆ. ಒತ್ತಿದರೆ ಕುಗ್ಗುವುದು ಆ ಗುಳ್ಳೆಯೇ ಅಲ್ವಾ?

ಸಂಜೆ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿದೆ. ಲಿವರ್ ಒತ್ತಿ ಹಿಡಿದು ನಿಪ್ಪಲ್ ಸಡಿಲಿಸುವುದು, ಬಿಗಿ ಮಾಡಿದ ಮೇಲಷ್ಟೇ ಲಿವರ್ ಬಿಡುವುದು. ಮೇಲಿನ ಡಬ್ಬಿಗೆ ಹೊಸ ಆಯಿಲ್ ಸುರಿಯುತ್ತಾ, ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ.

ಭಾನುವಾರ ಕೊನೆಯ ಲ್ಯಾಪಿನಲ್ಲೂ ಲಿವರ್ ಗಟ್ಟಿಯಾಗಿತ್ತು.